ಒಂಬತ್ತನೆಯ ಪಿಲ್ಲರ್

ಜೋಗುಪಾಳ್ಯದ ಪ್ರೇಮ್‌ಕುಮಾರನಿಗೆ ಲೆಕ್ಕ ಎಂದರೆ ಬಾಡಿಗೆ ಲೆಕ್ಕ. ಅವರಪ್ಪ ಸೊಪ್ಪು ಬೆಳೆಯುತ್ತಿದ್ದ ನೆಲದಲ್ಲಿ ಕೊನೆಗೆ ಉಳಿದದ್ದು ಒಂದೇ ಸೈಟು. ಅದರಲ್ಲಿ ಕೆಳಗೊಂದು ಅಂಗಡಿ, ಅದರ ಮೇಲೆ ಎರಡು ಮಹಡಿ ಎಬ್ಬಿಸಿ, ಮೂರನೆಯದಕ್ಕೆಂದು ತಾರಸಿಯಲ್ಲಿ ಕಂಬಿಗಳನ್ನು ಹಾಗೇ ಬಿಟ್ಟಿದ್ದ. ಮಗಳು ಹಂಸ ಐದು ವರ್ಷ ಆರ್ಕಿಟೆಕ್ಚರ್ ಓದುತ್ತೇನೆ ಎಂದಾಗ ಅದನ್ನೂ ಮಹಡಿಯ ಪಕ್ಕದಲ್ಲಿಟ್ಟು ತೂಗಿ ನೋಡಿದ.

"ವರ್ಷಕ್ಕೆ ಮೂರು ಲಕ್ಷ, ಐದು ವರ್ಷ. ಆಮೇಲೆ ಸಂಬಳ ಎಷ್ಟಮ್ಮ? ಶಿವಾಜಿನಗರದ ನಾಜಿಶ್ ಇದನ್ನೇ ಓದಿದ್ಲಲ್ಲ, ಎಷ್ಟು ತಗೋತಾಳೆ?"

"ಇಪ್ಪತ್ನಾಲ್ಕು ಸಾವಿರ," ಎಂದಳು ಹಂಸ. ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ.

"ಮೇಲೊಂದು ಫ್ಲೋರ್ ಹಾಕಿದ್ರೆ ಕೂತ ಕಡೆ ಮೂವತ್ತಾರು ಸಾವಿರ ಬಾಡಿಗೆ. ಫ್ಲೋರು ಪರೀಕ್ಷೆ ಬರೀಬೇಕಾ? ಈ ಮನೆ ಕಟ್ಟೋಕೆ ಯಾವ ಆರ್ಕಿಟೆಕ್ಟ್ ಬಂದಿದ್ದ? ಮೇಸ್ತ್ರಿ ಮುನಿಆಂಜನಪ್ಪ ಹೆಜ್ಜೆ ಹಾಕಿ ಅಳೆದ, ಸುಣ್ಣದ ಪುಡೀಲಿ ಗೆರೆ ಎಳೆದ, ಮುಗೀತು. ಪ್ಲಾನ್ ಇರೋದು ಆಫೀಸಿಗೆ ತೋರ್ಸೋಕೆ."

ಅಪ್ಪ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ, ಅದೇ ಹಂಸಳ ಸಂಕಟ. ಒಂದು ತಿಂಗಳು ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೊನೆಗೆ ಬಾಯಿ ಬಿಟ್ಟವಳು ಅಜ್ಜಿ ದೊಡ್ಡಮುನಿಯಮ್ಮ. "ಸೈಟು ಇನ್ನೂ ನನ್ ಹೆಸ್ರಲ್ಲೈತೆ ಕಣೋ ಪ್ರೇಮ. ಮಗ ಓದ್ಲಿ," ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಮಹಡಿಗೆಂದು ಕೂಡಿಟ್ಟಿದ್ದ ನಾಲ್ಕು ಲಕ್ಷದಲ್ಲಿ ಶುಕ್ರವಾರ ಮೊದಲ ವರ್ಷದ ಫೀಸು ಕಟ್ಟುವುದೆಂದು ನಿರ್ಧಾರವಾಯಿತು. ಶುಕ್ರವಾರವೇ ಕಡೆಯ ದಿನ, ತಪ್ಪಿದರೆ ಸೀಟು ಹೋಯಿತು.

ಬುಧವಾರ ಬೆಳಿಗ್ಗೆ ಖುಷಿ ತಡೆಯಲಾರದೆ ಹಂಸ ಟೇಪು ಹಿಡಿದು ತನ್ನದೇ ಮನೆಯ ನಕ್ಷೆ ಬರೆಯಲು ಹೊರಟಳು. ಯಾರೂ ಹೇಳಿರಲಿಲ್ಲ, ಕೈ ಕಡಿಯುತ್ತಿತ್ತು, ಅಷ್ಟೆ. ತಾರಸಿಯಲ್ಲಿ ಕಂಬಿಗಳ ಗೊಂಚಲು ಎಣಿಸಿದಳು: ಮೂರು ಸಾಲು, ಸಾಲಿಗೆ ಮೂರು, ಒಂಬತ್ತು. ಎರಡೂ ಮಹಡಿಗಳಲ್ಲಿ ಒಂಬತ್ತೊಂಬತ್ತು ಪಿಲ್ಲರ್. ಕೆಳಗಿಳಿದು ಮುನಾವರ್ ಭಾಯ್‌ನ ಹಾಸಿಗೆ ಅಂಗಡಿಯಲ್ಲಿ ಎಣಿಸಿದರೆ ಎಂಟೇ. ಮತ್ತೆ ಎಣಿಸಿದಳು. ಬೀದಿ ಕಡೆಯ ಸಾಲಿನ ನಡುವಿನದು ಇರಲಿಲ್ಲ.

"ಅದಾ? ನಾಲ್ಕು ವರ್ಷ ಆಯ್ತು ಬೇಟಾ ತೆಗ್ಸಿ," ಎಂದ ಮುನಾವರ್, ಗಾದಿಯೊಂದನ್ನು ಗೋಡೆಗೆ ಒರಗಿಸುತ್ತ. "ಡಬಲ್ ಕಾಟ್ ಗಾದಿ ಒಳಗೆ ಹೋಗ್ತಾನೇ ಇರ್ಲಿಲ್ಲ. ನಾನು ಕೇಳ್ಕೊಂಡೆ, ನಿಮ್ಮಪ್ಪ ನಾಲ್ಕು ಸಾವಿರ ಬಾಡಿಗೆ ಜಾಸ್ತಿ ಮಾಡಿ ತೆಗ್ಸಿಕೊಟ್ರು. ಅದ್ರ ಬದ್ಲು ಮೇಸ್ತ್ರಿ ಮೇಲೆ ಅಡ್ಡಕ್ಕೆ ಕಬ್ಬಿಣದ ಗರ್ಡರ್ ಕೊಟ್ಟವ್ರೆ."

ಹಂಸ ಅಂಗಡಿಯ ಹೆಸರಿನ ಬೋರ್ಡಿನ ಹಿಂದೆ ಮೊಬೈಲ್ ಬೆಳಕು ಬಿಟ್ಟು ನೋಡಿದಳು. ಗರ್ಡರ್ ನಡುವಲ್ಲಿ ಬಾಗಿತ್ತು. ಅದರ ಮೇಲಿನ ತೊಲೆಯಲ್ಲಿ ಬೆರಳು ತೂರುವಷ್ಟು ಅಗಲದ ಬಿರುಕು.

ಫೋಟೋ ಕಳಿಸಿದ ಅರ್ಧ ಗಂಟೆಯಲ್ಲಿ ನಾಜಿಶ್ ಇಂದಿರಾನಗರದ ಆಫೀಸಿನಿಂದ ಊಟ ಬಿಟ್ಟು ಸ್ಕೂಟರಿನಲ್ಲಿ ಬಂದಳು. ನೋಡಿ, ಹಂಸಳ ತೋಳು ಹಿಡಿದು ಬೀದಿಗೆ ಕರೆತಂದಳು.

"ಎಂಜಿನಿಯರ್ ಬಂದು ನೋಡ್ಲೇಬೇಕು. ಅಲ್ಲೀವರೆಗೂ ಗರ್ಡರ್ ಭಾರ ಹೊರೋಕೆ ಕೆಳಗಿಂದ ಕಬ್ಬಿಣದ ಜಾಕ್ ಕೊಡ್ಸು, ಇವತ್ತೇ. ಆಮೇಲೆ ಪಾಯದಿಂದ ಹೊಸ ಪಿಲ್ಲರ್ ಎಬ್ಬಿಸ್ಬೇಕು."

"ಎಷ್ಟಾಗತ್ತೆ ನಾಜಿಶಕ್ಕ?"

"ನಾಲ್ಕು ಲಕ್ಷ ಅಂದ್ಕೋ."

ನಾಲ್ಕು ಲಕ್ಷ! ದೇವರೇ ಎದುರು ಕೂತು ಲೆಕ್ಕ ಹಾಕಿದ್ದರೂ ಇಷ್ಟು ಸರಿಯಾಗಿ ಬರುತ್ತಿರಲಿಲ್ಲ.

ಸ್ಕೂಟರ್ ತಿರುವು ದಾಟುವ ಮೊದಲೇ ಹಂಸಳ ತಲೆಗೆ ಆ ಯೋಚನೆ ಬಂತು. ನಾಲ್ಕು ವರ್ಷ ನಿಂತದ್ದು ಇನ್ನೆರಡು ದಿನ ನಿಲ್ಲದೇ? ಶುಕ್ರವಾರ ಫೀಸು ಕಟ್ಟಿ, ಶನಿವಾರ ಹೇಳಿದರಾಯಿತು. ಆಮೇಲೆ ಅಪ್ಪ ಎಲ್ಲಿಂದಾದರೂ ಹೊಂದಿಸುತ್ತಾನೆ. ತನಗೆ ಬುಧವಾರವೇ ತಿಳಿದಿತ್ತೆಂದು ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಕೆಟ್‌ವರೆಗೆ ನಡೆದು ಏನೂ ಕೊಳ್ಳದೆ ವಾಪಸ್ ಬಂದಳು. ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಅಮ್ಮ ಬಡಿಸಿದ ಮುದ್ದೆಯನ್ನು ಹಾಗೇ ಮುಚ್ಚಿಟ್ಟಳು. ಒಂದು ಲಾರಿ ಹೋದರೆ ಕಿಟಕಿಯ ಗಾಜು ಸಣ್ಣಗೆ ಗಡಗಡ ಅನ್ನುತ್ತಿತ್ತು. ಇದು ಯಾವಾಗಲೂ ಹೀಗೇ ಅನ್ನುತ್ತಿತ್ತೇ? ನೆನಪಾಗಲಿಲ್ಲ. ತನ್ನ ಬಗ್ಗೆ ತನಗೇ ಅಸಹ್ಯವಾಯಿತು, ಆದರೂ ಬಾಯಿ ತೆರೆಯಲಿಲ್ಲ.

ಮೂರು ಗಂಟೆಗೆ ಅಜ್ಜಿ ಎಲೆ ಅಡಿಕೆ ಚೀಲ ಹಿಡಿದು ಮಲಗಲು ಬೀದಿ ಕಡೆಯ ಕೋಣೆಗೆ ಹೋದಳು. ಅಂಗಡಿಯ ನೆತ್ತಿಯ ಮೇಲಿನ ಕೋಣೆ. ಕೆಳಗೆ ಗರ್ಡರ್ ಬಾಗಿದ್ದುದು ಸರಿಯಾಗಿ ಅವಳ ಮಂಚದಡಿ.

"ಅಜ್ಜಿ, ಅಲ್ಲಿ ಮಲಗ್ಬೇಡ! ಎದ್ದೇಳು, ಬಾ ಈ ಕಡೆ!" ಹಂಸ ಕೂಗಿಕೊಂಡಳು. ಆಮೇಲೆ ಎಲ್ಲವನ್ನೂ ಅಪ್ಪನಿಗೆ ಹೇಳಿಬಿಟ್ಟಳು.

ಪ್ರೇಮ್‌ಕುಮಾರ್ ಮೊದಲು ರೇಗಿದ. ಆಮೇಲೆ ಕೆಳಗಿಳಿದು ಬೋರ್ಡು ಬಿಚ್ಚಿಸಿ ನೋಡಿದ. ಕಣ್ಣಾರೆ ಕಂಡ ಮೇಲೆ ತಾನೇ ಜಾಕುಗಳಿಗೆ ಫೋನ್ ಮಾಡಿದ. ಸಂಜೆಯೊಳಗೆ ಜಾಕುಗಳು ನಿಂತವು. ಮುನಾವರ್ ಗಾದಿಗಳನ್ನೆಲ್ಲ ಆಟೋದಲ್ಲಿ ಸಾಗಿಸಿದ. ಗುರುವಾರ ಎಂಜಿನಿಯರಿಗೆ, ಕಂಬಿಗೆ, ಮುನಾವರ್‌ನಿಗೆ ಹಿಂದಿರುಗಿಸಬೇಕಾದ ಅಡ್ವಾನ್ಸಿಗೆ ಎಂದು ನಾಲ್ಕು ಲಕ್ಷ ಕರಗಿತು. ಶುಕ್ರವಾರ ಬಂತು, ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಂಸ ತಾರಸಿಗೆ ಹೋಗಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಅತ್ತಳು.

ಶನಿವಾರ ಎಂಜಿನಿಯರ್ ಪಾಯದ ಗುಂಡಿ ನೋಡಲು ಬಂದ. ಬೀದಿಯ ಜನ ಸೇರಿದ್ದರು. "ಇನ್ನೊಂದು ಮಳೆ ಜೋರಾಗಿ ಹೊಡೆದಿದ್ರೆ ಕಷ್ಟ ಇತ್ತು ರೀ. ಕಂಡುಹಿಡಿದೋರು ಯಾರು?" ಎಂದು ಕೇಳಿದ.

ಪ್ರೇಮ್‌ಕುಮಾರ್ ಎದೆಯುಬ್ಬಿಸಿ ಮಗಳ ಹೆಗಲ ಮೇಲೆ ಕೈಯಿಟ್ಟ. "ನನ್ ಮಗಳು ಸಾರ್. ನಮ್ಮನೆ ಆರ್ಕಿಟೆಕ್ಟು."

ಹಂಸ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಕಾಲೇಜಿಗೆ ಸೇರ್ಸಿಲ್ವಲ್ಲಪ್ಪ," ಎಂದಳು, ಎಲ್ಲರಿಗೂ ಕೇಳುವಂತೆ.

ಗುಂಡಿ ತೋಡುತ್ತಿದ್ದವರು ಒಂದು ಕ್ಷಣ ಕೈ ನಿಲ್ಲಿಸಿ ಪ್ರೇಮ್‌ಕುಮಾರನ ಮುಖ ನೋಡಿದರು.