ಮೊದಲ ಹಿಡಿ ಮಣ್ಣು

"ಬಿಡಿ ಆ ಚೆಂಬು!"

ಜ್ಞಾನಮ್ಮ ಸೊಣ್ಣಪ್ಪನ ಕೈಯಿಂದ ಚೆಂಬನ್ನು ಕಿತ್ತುಕೊಂಡ ರಭಸಕ್ಕೆ ಅರ್ಧ ನೀರು ಹೆಣದ ಎದೆಯ ಮೇಲೆ ಚೆಲ್ಲಿತು. "ನನ್ ಗಂಡನ ಕಾಲು ತೊಳೆಯೋಕೆ ನಾನಿನ್ನೂ ಬದುಕಿದೀನಿ."

ಸೊಣ್ಣಪ್ಪ ಊರಿನ ದೊಡ್ಡ ಜಮೀನುದಾರ, ಗೌಡರ ಪೈಕಿ. ಕ್ರೈಸ್ತರ ಕೇರಿಯ ಕಡೆ ಅವನು ತಲೆ ಹಾಕಿದ್ದೇ ಕಡಿಮೆ. ಅಂಥವನು ಈ ದಿನ ಬೆಳಕು ಹರಿಯುವ ಮೊದಲೇ ಬಂದು, ತನ್ನವರು ಏನಂದಾರು ಎಂದೂ ನೋಡದೆ, ಪಂಚೆ ಎತ್ತಿ ಕಟ್ಟಿ ಇನ್ನಾಸಪ್ಪನ ಕಾಲ ಬಳಿ ಕೂತಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ಸಾಯಲು ಬಿದ್ದಾಗ ಗಾಡಿ ಕಟ್ಟಿ ದೇವನಹಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದವನು ಇನ್ನಾಸಪ್ಪನೇ.

"ಸಿಟ್ಟು ಮಾಡ್ಕೋಬ್ಯಾಡ ಕಣಮ್ಮ. ನಾನೂ ಒಂಚೂರು ಕೈ ಹಾಕಾಣ ಅಂತ ಬಂದೆ."

"ಎಲ್ರೂ ಹಾಕಿ. ಇಷ್ಟು ವರ್ಷ ಹಾಕಿದ್ದು ಸಾಲದಾ? ನಂಗೆ ಉಳಿದಿರೋದು ಇದೊಂದು ಹೆಣ. ಅದನ್ನೂ ಹಂಚ್ಕೊಂಡ್ಬಿಡಿ!"

ಮೂಲೆಯಲ್ಲಿ ಜಪಸರ ಹಿಡಿದಿದ್ದ ಉಪದೇಶಿ ಚೌರಪ್ಪ ಕೆಮ್ಮಿದ. ಪಾದ್ರಿ ಸ್ವಾಮಿಗಳು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುವ ಆ ಊರಿನಲ್ಲಿ ಮಿಕ್ಕ ದಿನಗಳ ಪ್ರಾರ್ಥನೆಗೂ ಮಣ್ಣಿಗೂ ಅವನೇ ಗತಿ. "ಸಮಾಧಾನ ತಂದ್ಕೊಳಮ್ಮ. ಪುಣ್ಯಾತ್ಮ ಹೋಗವ್ನೆ, ಜನ ಬರ್ತಾರೆ."

ಜನ ಬಂದಿದ್ದರು. ಕೇರಿಯ ತುಂಬ, ಬೇಲಿಯ ಆಚೆಗೂ ನಿಂತಿದ್ದರು. ಹೊಸಕೋಟೆ ಕಡೆಯಿಂದ ಒಬ್ಬ ಕುಂಟ ಮುದುಕ, ಘಾಟಿ ರಸ್ತೆಯಲ್ಲಿ ಬಳೆ ಮಾರುವವಳು, ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ ಮಂದಿ. ಒಬ್ಬೊಬ್ಬರೂ ಬಾಗಿಲಲ್ಲಿ ಬಿದ್ದು ಅತ್ತಾಗ ಜ್ಞಾನಮ್ಮನ ಹೊಟ್ಟೆಯಲ್ಲಿ ಬೆಂಕಿ ಏಳುತ್ತಿತ್ತು. ಅದಕ್ಕೆ ದುಃಖ ಎಂದು ಬಣ್ಣ ಹಚ್ಚುವುದು ಬೇಡ, ಅದು ಹೊಟ್ಟೆಕಿಚ್ಚು. ಸವತಿ ಒಬ್ಬಳಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಿ ಹಗುರಾಗಬಹುದಿತ್ತು. ಇವಳ ಸವತಿಯರು ಕೆಮ್ಮುವ ಮುದುಕರು, ಕಾಲಿಗೆ ಹುಣ್ಣಾದವರು, ದಾರಿಯಲ್ಲಿ ಜ್ವರ ಬಂದು ಬಿದ್ದವರು. ಅವರ ಮೇಲೆ ಹೇಗೆ ಜಗಳ ತೆಗೆಯುವುದು? ಸಂತೆಯಿಂದ ಖಾಲಿ ಗಾಡಿ ಹೊಡೆದುಕೊಂಡು ಬಂದ ದಿನವೇ ಇಲ್ಲ ಆ ಮನುಷ್ಯ. ಯಾರನ್ನೋ ಹತ್ತಿಸಿಕೊಂಡು, ಯಾರದೋ ಗಾಯ ತೊಳೆದು, ಮನೆಗೆ ಬರುವ ಹೊತ್ತಿಗೆ ಕೂತಲ್ಲೇ ತೂಕಡಿಸುತ್ತಿದ್ದ. ಜಪ ಮಾಡುವಾಗಲೂ ತೂಕಡಿಕೆ. ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೆ ಅದಕ್ಕೂ ತೂಕಡಿಕೆಯೇ.

ಹೊರಗೆ ಗುಸುಗುಸು ಎದ್ದಿತು. ಪಕ್ಕದ ಮನೆಯ ಅಮ್ಮಯಮ್ಮ ಓಡಿ ಬಂದು ಕಿವಿಯಲ್ಲಿ ಹೇಳಿದಳು. "ಲೇ ಜ್ಞಾನಿ, ಅಂಜಿನಮ್ಮನ ಮಗ ಬೈಲಪ್ಪ ಬಂದವ್ನೆ. ತಲೆ ಬೋಳಿಸ್ಕೊಂಡವ್ನೆ ಕಣೇ, ಹೆತ್ತಪ್ಪನ್ಗೆ ಮಾಡ್ದಂಗೆ!"

ಬಾಗಿಲಲ್ಲಿ ಒಬ್ಬ ದೃಢಕಾಯದ ಯುವಕ ನಿಂತಿದ್ದ. ತಲೆ, ಮೀಸೆ ಎರಡೂ ನುಣ್ಣಗಾಗಿದ್ದವು. ಅವನ ಹಿಂದೆ ಅವನ ತಾಯಿ, ಮೊಣಕಾಲಿನವರೆಗೂ ಕೆಂಪು ಧೂಳು.

ಚೌರಪ್ಪ ಎದ್ದು ಬಾಗಿಲಿಗೆ ಹೋದ. "ನಮ್ಮಲ್ಲಿ ಈ ಪದ್ಧತಿ ಇಲ್ಲ ಕಣಪ್ಪ."

"ನಿಮ್ಮಲ್ಲಿ ಇಲ್ದಿದ್ರೆ ಬ್ಯಾಡ ಬುಡಿ. ನಮ್ಮಲ್ಲಿ ಐತೆ. ಅಪ್ಪ ಸತ್ರೆ ಕೂದ್ಲು ಬಿಟ್ಕೊಂಡು ಬರಕಾಯ್ತದಾ?"

ಅಪ್ಪ ಎಂಬ ಮಾತು ಕೇಳಿ ಜ್ಞಾನಮ್ಮನ ಕೈ ಹೆಣದ ಪಾದದ ಮೇಲೆ ನಿಂತುಬಿಟ್ಟಿತು. ಮಕ್ಕಳಿಲ್ಲದ ಮನೆ ಅದು. ಅವಳು ಹುಡುಗನನ್ನು ನೋಡಲಿಲ್ಲ, ಅವನ ತಾಯಿಯನ್ನು ನೋಡಿದಳು.

* * *

ಬೈಲಪ್ಪ ಹುಟ್ಟಿದ ವರ್ಷ ಊರಿನಲ್ಲಿ ಇಲಿ ಬಿದ್ದವು. ಪ್ಲೇಗು ಎಂದು ಗೊತ್ತಾದ ಕೂಡಲೇ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಂಡಿತು. ಗಡ್ಡೆ ಎದ್ದವರನ್ನು ಕೆರೆಯಾಚೆಯ ಜೋಪಡಿಗಳಲ್ಲಿ ಬಿಟ್ಟರು. ಬಿಟ್ಟವರು ಮತ್ತೆ ಆ ಕಡೆ ಹೋಗಲಿಲ್ಲ. ಹೋದವನು ಇನ್ನಾಸಪ್ಪ ಒಬ್ಬನೇ.

ಒಂದು ಸಂಜೆ ಅವನು ಕಂಬಳಿಯಲ್ಲಿ ಸುತ್ತಿದ ಕೂಸಿನೊಂದಿಗೆ ಬಂದ. "ಇದರಪ್ಪ ಬೆಳಿಗ್ಗೆ ಹೋದ. ಅವ್ವ ಅಂಜಿನಮ್ಮಂಗೆ ಮೈಮೇಲೆ ಗ್ಯಾನ ಇಲ್ಲ. ಎರಡು ದಿನ ನೋಡ್ಕೋ."

"ಮಾರೀನ ಜೋಪಡಿ ಒಳಕ್ಕೇ ತಂದ್ರಾ?" ಎಂದು ಜ್ಞಾನಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಕೂಸು ಅತ್ತೂ ಅತ್ತೂ ಅದರ ದನಿ ಬಿದ್ದುಹೋಯಿತು. ಆಗ ಎದ್ದಳು. ಮೇಕೆ ಹಾಲು ಕಾಯಿಸಿ, ಬಟ್ಟೆಯ ಬತ್ತಿ ಅದ್ದಿ ಬಾಯಿಗಿಟ್ಟಳು. ಎರಡು ದಿನ ಎಂದದ್ದು ರಾಗಿ ತೆನೆ ಬಿಡುವವರೆಗೂ ನಡೆಯಿತು. ಕೂಸು ಅವಳ ಕತ್ತಿನ ಜಪಸರವನ್ನು ಬಾಯಿಗೆ ಹಾಕಿಕೊಂಡು ನಿದ್ದೆ ಹೋಗುವುದನ್ನು ಕಲಿಯಿತು. ಅವಳು ನಡೆಯುವಾಗ ಹಾಡಲು ಕಲಿತಳು.

ಇನ್ನಾಸಪ್ಪ ಮಾತ್ರ ದಿನವೂ ಗಂಜಿಯ ಮಡಕೆ ಹಿಡಿದು ಕೆರೆಯಾಚೆಗೆ ಹೋಗುತ್ತಿದ್ದ.

"ಇವತ್ತೂ ಹೋಗ್ಬೇಕಾ?" ಎಂದು ಕೇಳಿದಳು ಒಮ್ಮೆ.

"ಅಲ್ಲಿ ಯೇಸುಸ್ವಾಮಿ ಬಾಯಾರಿ ಮಲಗವ್ನೆ ಕಣೇ. ನೀರು ಕೊಡೋರಿಲ್ಲ."

"ನಿಮ್ಮ ಸ್ವಾಮಿಗೆ ನಮ್ ಜೋಪಡಿ ದಾರಿ ಗೊತ್ತಿಲ್ವಾ? ಇಲ್ಲಿ ಯಾರೂ ಬಾಯಾರಿಲ್ವಾ?"

ಅವನು ಮಡಕೆಯನ್ನು ನೋಡುತ್ತಾ ನಿಂತ. ಆಮೇಲೆ ಅದನ್ನು ಎತ್ತಿಕೊಂಡು ಹೊರಟುಹೋದ. ಅದನ್ನು ಅವಳು ಯಾವತ್ತೂ ಕ್ಷಮಿಸಲಿಲ್ಲ.

ಆ ದಿನಗಳಲ್ಲಿ ಅವಳು ಮರಿಯಮ್ಮನವರ ಮುಂದೆ ಮಂಡಿಯೂರಿ ಏನು ಬೇಡಿದಳು ಎಂಬುದನ್ನು ಪಾಪನಿವೇದನೆಯಲ್ಲೂ ಬಾಯಿ ಬಿಟ್ಟು ಹೇಳಲಾಗಲಿಲ್ಲ. ಅಂಜಿನಮ್ಮ ಏಳದಿರಲಿ ಎಂದು ಬೇಡಿದ್ದಳು. ಅಂಜಿನಮ್ಮ ಎದ್ದಳು. ಇನ್ನಾಸಪ್ಪನ ಗಂಜಿ ಕುಡಿದು, ಅವನ ಕೈಯಲ್ಲಿ ಗಡ್ಡೆಯ ಕೀವು ತೊಳೆಸಿಕೊಂಡು, ಎದ್ದು ಕೂತಳು.

"ಹೆತ್ತೋಳು ಕಾಯ್ತಾವ್ಳೆ ಜ್ಞಾನಿ. ಕೊಡು," ಎಂದು ಅವನು ಕೈ ಚಾಚಿದ. ಕೂಸು ರವಿಕೆಯನ್ನು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಿಡಿಸಿದವನು ಅವಳ ಗಂಡ.

* * *

ಅಂಜಿನಮ್ಮ ಬಂದು ಪಕ್ಕದಲ್ಲೇ ಕೂತಳು. ಜ್ಞಾನಮ್ಮ ಸರಿದು ಕೂರಲಿಲ್ಲ, ತಿರುಗಿಯೂ ನೋಡಲಿಲ್ಲ.

"ಇಷ್ಟು ವರ್ಷ ಆಯ್ತು," ಎಂದಳು ಹೆಣದ ಪಾದ ಒರೆಸುತ್ತಾ. "ಒಂದು ದಿನ ಮಗೀನ ಕರ್ಕೊಂಡು ಈ ಬಾಗಿಲಿಗೆ ಬರ್ಲಿಲ್ಲ ನೀನು."

"ಹೆಂಗೆ ಬರ್ಲಕ್ಕ? ನನ್ ತಾವ ಬಂದ್ಮೇಲೆ ನನ್ ಕೈಲಿ ಒಂದು ತುತ್ತು ತಿನ್ನಲಿಲ್ಲ ಅದು. ನನ್ ಕತ್ತು ತಡಕೋದು, ಜಪಸರ ಹುಡುಕೋದು, ಸಿಗದೆ ಅಳೋದು. ಹೆತ್ತೋಳು ನಾನು! ನಿನ್ ಮಕ ಕಂಡ್ರೆ ಮತ್ತೆ ನನ್ ತಾವ ಬರಕಿಲ್ಲ ಅಂತ ಹೆದ್ರಿ ಕುಂದಾಣದ ತಾವ ತೌರಿಗೆ ಹೊಂಟೋದೆ. ಹೊಟ್ಟೆ ಉರೀತಿತ್ತು ಕಣಕ್ಕ ನಿನ್ ಮ್ಯಾಲೆ."

"ನನ್ ಮೇಲಾ?"

"ಇನ್ಯಾರ ಮ್ಯಾಲೆ? ಇನ್ನಾಸಣ್ಣ ಬಂದಾಗಲೆಲ್ಲಾ ಇವನ ಮುಂದೆ ಕೂತು ಅದನ್ನೇ ಹೇಳೋನು. ನನ್ ಹೆಂಡ್ತಿ ನಿನ್ನ ಒಂದು ಗಳಿಗೆ ನೆಲಕ್ಕೆ ಇಳಿಸಿರ್ಲಿಲ್ಲ ಕಣೋ ಅಂತ. ನಂಗೆ ಎದ್ದು ಹೋಗೋಣ ಅನ್ನಿಸೋದು."

ಜ್ಞಾನಮ್ಮ ಈಗ ಅವಳ ಕಡೆ ತಿರುಗಿದಳು. "ಅವರು ನಿಮ್ಮನೆಗೆ ಬರ್ತಿದ್ರಾ?"

"ಆ ಕಡೆ ಗಾಡಿ ಹೂಡಿದಾಗಲೆಲ್ಲಾ ಬರೋನು. ಇವನಿಗೆ ನೇಗಿಲು ಹಿಡಿಯೋದು ಕಲಿಸ್ದೋನೂ ಅಣ್ಣನೇ. ನಿಂಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ತಡವಾಗಿ ಬಂದ ದಿನಗಳಲ್ಲಿ ಎತ್ತಿನ ಕಾಲು ಊದಿಕೊಂಡಿತ್ತು, ದಾರಿಯಲ್ಲಿ ಗಾಡಿಯ ಕೀಲು ಮುರಿಯಿತು ಎಂದೆಲ್ಲ ಹೇಳಿದ್ದ. ಆ ಮಗುವಿನ ಹೆಸರೆತ್ತಿದರೆ ಅವಳು ಗೋಡೆಯ ಕಡೆ ತಿರುಗಿಕೊಳ್ಳುತ್ತಾಳೆಂದು ಅವನಿಗೆ ಗೊತ್ತಿತ್ತು. ಆದರೂ ಒಂದು ಸಲ ಗಾಡಿ ಹತ್ತು ಎನ್ನಬಾರದಿತ್ತೇ? ಅವನು ಕಂಡಿದ್ದ, ಅವನು ಕಲಿಸಿದ್ದ, ಅವನು ಅಪ್ಪ ಎನಿಸಿಕೊಂಡಿದ್ದ. ಹೆಣದ ಮೇಲೆಯೇ ಅವಳಿಗೆ ಹೊಟ್ಟೆಕಿಚ್ಚು ಬಂತು. ಎದ್ದು ಕೂತಿದ್ದರೆ ಎರಡು ಬಾರಿಸಿಬಿಡುತ್ತಿದ್ದಳು. ಅವನು ಎದ್ದು ಕೂರುವುದಿಲ್ಲ ಎಂಬುದು ಆಗ ಅರ್ಥವಾಗಿ, ಆ ದಿನ ಮೊದಲ ಬಾರಿಗೆ ಜೋರಾಗಿ ಅತ್ತುಬಿಟ್ಟಳು.

* * *

ಹೆಣ ಹೊರಲು ನೂಕುನುಗ್ಗಲಾಯಿತು. ಸೊಣ್ಣಪ್ಪ ಒಂದು ಮಗ್ಗುಲು ಹಿಡಿದ. ಕುಂಟ ಮುದುಕನೂ ಹಟ ಮಾಡಿ ನಾಲ್ಕು ಹೆಜ್ಜೆ ಹೆಗಲು ಕೊಟ್ಟ. ಯುದ್ಧ ಮುಗಿದಿದ್ದರೂ ರಾಗಿಗೆ ಇನ್ನೂ ರೇಷನ್ ಇದ್ದ ಕಾಲ. ಆದರೂ ಸಮಾಧಿಯ ಹತ್ತಿರ ಯಾರೋ ಹೆಂಗಸರು ಬಂದವರಿಗೆಲ್ಲ ಅಂಬಲಿ ಕಾಯಿಸಿ ಇಟ್ಟಿದ್ದರು. ಯಾರು ಹೇಳಿದ್ದು ಎಂದು ಕೇಳಿದರೆ ಯಾರಿಗೂ ತಿಳಿಯದು.

ಬೈಲಪ್ಪ ಹೆಗಲು ಕೊಡಲು ಮುಂದೆ ಬಂದಾಗ ಅವನ ತಾಯಿ ಅವನ ಹೆಗಲ ವಸ್ತ್ರದ ತುದಿ ಹಿಡಿದು ಹಿಂದಕ್ಕೆಳೆದದ್ದನ್ನು ಜ್ಞಾನಮ್ಮ ಕಂಡಳು.

ಚೌರಪ್ಪ ಪ್ರಾರ್ಥನೆ ಮುಗಿಸಿ, ತೀರ್ಥ ಚಿಮುಕಿಸಿ, ಗುಂಡಿಯ ಅಂಚಿನಿಂದ ಕರೆದ. "ಮೊದಲ ಹಿಡಿ ಮಗ ಹಾಕ್ಬೇಕು. ಮಗ ಇಲ್ಲದ ಮೇಲೆ ಹೆಂಡ್ತೀನೇ. ಬಾ ಜ್ಞಾನಮ್ಮ."

ಬೆಳಗಿನಿಂದ ಅವಳು ಕಾದದ್ದು ಇದಕ್ಕೇ. ಇಲ್ಲಿ ಯಾರೂ ಅವಳಿಗಿಂತ ಮುಂದೆ ಬರುವಂತಿಲ್ಲ. ಬಗ್ಗಿ ಮಣ್ಣು ಹಿಡಿದಳು. ತಲೆ ಎತ್ತಿದಾಗ ಗುಂಪಿನ ಹಿಂದೆ ಅಂಜಿನಮ್ಮ ಕಂಡಳು. ಸಂತೆಯ ಜನದಲ್ಲಿ ಕರು ತಪ್ಪಿಸಿಕೊಂಡೀತೆಂದು ಹಗ್ಗ ಬಿಗಿ ಹಿಡಿದವಳ ಹಾಗೆ ಮಗನ ವಸ್ತ್ರ ಹಿಡಿದು ನಿಂತಿದ್ದಳು. ಆ ಹಿಡಿತ ಬಿಡಿಸಬೇಕಾದರೆ ಒಂದೊಂದೇ ಬೆರಳು ಬಿಡಿಸಬೇಕಾಗುತ್ತಿತ್ತು. ಎಲ್ಲರ ಮುಂದೆ ಅವನನ್ನು ಮಗ ಎಂದು ಕೂಗಿ ಕರೆದುಬಿಡಬಹುದಿತ್ತು ಜ್ಞಾನಮ್ಮ. ಕರೆದಿದ್ದರೆ ಅವನು ಬರುತ್ತಿದ್ದ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

ಅವಳು ಕೈಯ ಮಣ್ಣನ್ನು ಮತ್ತೆ ನೆಲಕ್ಕೇ ಬಿಟ್ಟಳು.

"ಅಂಜಿನಮ್ಮಾ, ನಿನ್ ಮಗನ್ನ ಕಳಿಸವ್ವ."

ನಿನ್ನ ಮಗ ಎಂದು ಅವಳು ಇದುವರೆಗೂ ಒಮ್ಮೆಯೂ ಅಂದಿರಲಿಲ್ಲ, ಮನಸ್ಸಿನಲ್ಲಿ ಕೂಡ. ಜನ ಸರಿದು ದಾರಿ ಬಿಟ್ಟರು. ಅಂಜಿನಮ್ಮ ವಸ್ತ್ರದ ತುದಿಯನ್ನು ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ಕೈ ಬಿಟ್ಟು, ಮಗನ ಬೆನ್ನಿಗೆ ಮೆಲ್ಲಗೆ ತಟ್ಟಿದಳು.

"ಹೋಗಪ್ಪ. ನಿಮ್ಮವ್ವ ಕರೀತಾವ್ರೆ."

ಬೈಲಪ್ಪ ಗುಂಡಿಯ ಬಳಿ ಬಂದು ಒಮ್ಮೆ ಜ್ಞಾನಮ್ಮನ ಕಡೆ, ಒಮ್ಮೆ ಹಿಂದೆ ನಿಂತವಳ ಕಡೆ ನೋಡಿದ. ಮಂಡಿಯೂರಿ, ಎರಡೂ ಕೈ ತುಂಬ ಮಣ್ಣು ಬಾಚಿಕೊಂಡ.