ಮೂರು ಉಕ್ಕು

ಹಾಲು ಉಕ್ಕುವುದರೊಳಗೆ ಹೇಳಿಬಿಡಬೇಕು ಎಂದುಕೊಂಡ ಅನ್ಸೆಲ್ಮೊ.

ಮಗಳು ನೆಲಿದಾ ಒಲೆಯ ಮುಂದೆ ನಿಂತಿದ್ದಳು. ಅವಳ ಲಂಗ ಹಿಡಿದುಕೊಂಡು ಮೊಮ್ಮಗಳು ಸುಲ್ಮಾ, ಕೈಯಲ್ಲಿ ಖಾಲಿ ಲೋಟ.

ಬೆಳಿಗ್ಗೆ ವಿಶ್ವವಿದ್ಯಾಲಯದಿಂದ ಹಳೆಯ ಶಿಷ್ಯೆ ಫೋನು ಮಾಡಿದ್ದಳು. ಪರೀಕ್ಷೆಗೆ ಕಳಿಸಿದ್ದ ನಿಮ್ಮ ಹಸು ಪಲೋಮಾದ ಹಾಲಿನಲ್ಲಿ ಸೀಸವಿದೆ, ಕ್ಯಾಡ್ಮಿಯಂ ಇದೆ, ಇರಬಾರದಷ್ಟಿದೆ. ಮಗುವಿಗೆ ಕೊಡಬೇಡಿ, ಅವಳ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದಳು. ಅವನು "ಸಂತೋಷ" ಎಂದು ಫೋನಿಟ್ಟಿದ್ದ. ಯಾಕೆ ಹಾಗೆಂದನೋ ಅವನಿಗೇ ತಿಳಿಯದು.

ಮೇಲಿನ ಊರಿನ ಲೋಹ ಕರಗಿಸುವ ಕುಲುಮೆಯ ಕಸವನ್ನು ಮಂತಾರೊ ನದಿ ಹೊತ್ತು ತರುತ್ತದೆ. ನದಿಯಿಂದ ಕಾಲುವೆಗೆ, ಕಾಲುವೆಯಿಂದ ಕುದುರೆಮಸಾಲೆ ಎಂಬ ಮೇವಿನ ಸೊಪ್ಪಿಗೆ, ಸೊಪ್ಪಿನಿಂದ ಹಸುವಿಗೆ. ಸೀಸ ಮಕ್ಕಳ ಮೂಳೆಯಲ್ಲಿ ಮನೆಮಾಡುತ್ತದೆ, ಬುದ್ಧಿಯನ್ನು ಮಂಕುಮಾಡುತ್ತದೆ ಎಂದು ಅವನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದ. ಬರೆದು, ಮನೆಗೆ ಬಂದು, ಹಾಲು ಕುಡಿದಿದ್ದ.

ಹಾಲು ಉಕ್ಕಿತು. ನೆಲಿದಾ ಪಾತ್ರೆ ಎತ್ತಿ, "ತಂದೆಯ ಹೆಸರಿನಲ್ಲಿ" ಎಂದು ಮತ್ತೆ ಒಲೆಗಿಟ್ಟಳು.

ಅದು ತೀರಿಹೋದ ಅವಳ ತಾಯಿ ಫೆಲಿಪಾಳ ಪದ್ಧತಿ. ತಂದೆಗೊಂದು, ಮಗನಿಗೊಂದು, ಪವಿತ್ರಾತ್ಮನಿಗೊಂದು. ಮೂರು ಸಲ ಉಕ್ಕಿದ ಹಾಲಿನಲ್ಲಿ ಕೆಟ್ಟದ್ದು ಏನೂ ಉಳಿಯುವುದಿಲ್ಲವೆಂದು ಅವಳ ನಂಬಿಕೆ. ನೀರು ಆವಿಯಾಗುತ್ತದೆ, ಸೀಸ ಉಳಿಯುತ್ತದೆ ಎಂಬುದು ಅನ್ಸೆಲ್ಮೊನಿಗೆ ಗೊತ್ತಿತ್ತು.

ಹೊರಗೆ ಪಲೋಮಾ ಕಿವಿಯಾಡಿಸಿತು. ಕಿವಿಯಲ್ಲಿ ಮಾಸಿದ ಕೆಂಪು ಪಟ್ಟಿ. ಹೋದ ವರ್ಷ, ದನಗಳ ಕಿವಿಗೆ ಬಣ್ಣದ ಪಟ್ಟಿ ಕಟ್ಟುವ ಸಾಂತಿಯಾಗೊ ಸಂತರ ಹಬ್ಬದಲ್ಲಿ ಫೆಲಿಪಾ ಕಟ್ಟಿದ್ದು. ಅವಳ ಕೈಯ ಕೆಲಸವೆಂದು ಉಳಿದದ್ದು ಅದು, ಮತ್ತು ಅವಳು ಸಾಕಿದ ಹಸುವಿನ ಈ ಹಾಲು. ಇವತ್ತು ಮತ್ತೆ ಹಬ್ಬ.

"ಮಗನ ಹೆಸರಿನಲ್ಲಿ."

ಈಗ ಹೇಳಬೇಕು. ಅವನು ಕೆಮ್ಮಿದ.

"ಏನಪ್ಪಾ?"

"ಏನಿಲ್ಲ. ಹೊಗೆ."

ಹಾಲು ಮೂರನೆಯ ಸಲ ಏರಿತು. ನೆಲಿದಾ ಸುಲ್ಮಾಳ ಲೋಟಕ್ಕೆ ಸುರಿದು ಊದಿದಳು. ಮಗು ಲೋಟವನ್ನು ತುಟಿಗೆತ್ತಿತು. ಆಗ ಅನ್ಸೆಲ್ಮೊನ ಕೈ ಅವನನ್ನು ಕೇಳದೆಯೇ ಮುಂದೆ ಹೋಗಿ ಲೋಟವನ್ನು ಕಿತ್ತುಕೊಂಡಿತು. ಬಿಸಿ ಹಾಲು ಅವನ ಮಣಿಕಟ್ಟಿನ ಮೇಲೆ ಚೆಲ್ಲಿತು.

ಹೇಳಿದ. ಪಾಠದ ಹಾಗೆ, ಗೋಡೆಯ ಕಡೆ ನೋಡುತ್ತ ಹೇಳಿದ.

ನೆಲಿದಾ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದಳು. ಆಮೇಲೆ, "ಬೆಳಿಗ್ಗೇನೇ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಮೂರು ಸಲ ಉಕ್ಕೋ ತನಕ ನೋಡ್ತಾ ಕೂತಿದ್ರಿ."

"ನಿಮ್ಮಮ್ಮನ ಹಸು."

"ಇವಳು ನನ್ನ ಮಗಳು, ಅಪ್ಪ."

ಅಷ್ಟರಲ್ಲಿ ಫೆಲಿಪಾಳ ಅಣ್ಣ ಸಿಪ್ರಿಯಾನೊ ಹೊಸ ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಂಡು ಬಂದ. ಎಲ್ಲ ಕೇಳಿಸಿಕೊಂಡು ಕಲ್ಲಿನ ಮೇಲೆ ಕೂತ. ಮೇವು ನೀರು ಬದಲಾಯಿಸಿದರೆ ಕೆಲವು ತಿಂಗಳಲ್ಲಿ ಹಾಲಿನ ಸೀಸ ಕಡಿಮೆಯಾದೀತು, ಆಮೇಲೆ ಮತ್ತೆ ಪರೀಕ್ಷಿಸೋಣ ಎಂದಿದ್ದಾಳೆ ಫೋನು ಮಾಡಿದ ಹುಡುಗಿ ಎಂದ ಅನ್ಸೆಲ್ಮೊ.

"ಹಾಗಾದ್ರೆ ನಾನು ಕರ್ಕೊಂಡು ಹೋಗ್ತೀನಿ," ಎಂದ ಸಿಪ್ರಿಯಾನೊ. "ನಮ್ಮ ಗುಡ್ಡದಲ್ಲಿ ಒರತೆ ನೀರು. ಹುಲ್ಲು ಒರಟು, ಅದಕ್ಕೆ ಸೇರಲ್ಲ, ಎರಡು ದಿನ ಬೈಕೊಳ್ಳುತ್ತೆ. ನನ್ನ ತಂಗೀನೂ ಹಾಗೇ ಇದ್ದಳಲ್ಲ ಮೇಷ್ಟ್ರೇ, ಮದುವೆಯಾಗಿ ನಿಮ್ಮನೆಗೆ ಬಂದಾಗ."

ನೆಲಿದಾ ನಕ್ಕುಬಿಟ್ಟಳು. ನಕ್ಕು ಕಣ್ಣೊರೆಸಿಕೊಂಡಳು. ನಾಳೆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೆಂದಾಯಿತು. ನಾನೂ ಬರುತ್ತೇನೆ ಎಂದ ಅನ್ಸೆಲ್ಮೊ, ಅವಳು ಬೇಡವೆನ್ನಲಿಲ್ಲ.

ಸಿಪ್ರಿಯಾನೊ ಹಳೆಯ ಪಟ್ಟಿಗೆ ಕತ್ತರಿ ಹಿಡಿದ. "ಅದು ಇರಲಿ, ಭಾವ," ಎಂದ ಅನ್ಸೆಲ್ಮೊ. ಹಾಗೆ ಬಿಡುವ ಪದ್ಧತಿಯಿಲ್ಲ. ಆದರೂ ಸಿಪ್ರಿಯಾನೊ ಕತ್ತರಿ ಮಡಚಿ, ಹಸಿರು ಪಟ್ಟಿಯನ್ನು ಇನ್ನೊಂದು ಕಿವಿಗೆ ಕಟ್ಟಿದ. ಪಲೋಮಾ ತಿರುಗಿ ನೋಡದೆ ಗುಡ್ಡದ ದಾರಿ ಹಿಡಿಯಿತು.

ಪಾತ್ರೆಯ ಹಾಲು ಉಳಿದಿತ್ತು. ನಾಯಿಗೆ ಹಾಕುವಂತಿಲ್ಲ, ಕಾಲುವೆಗೆ ಚೆಲ್ಲುವಂತಿಲ್ಲ. ಹಬ್ಬದ ದಿನ ಭೂಮಿತಾಯಿಗೆ ಮೊದಲ ಗುಟುಕು ಎರೆಯುವ ಅಂಗಳದ ಮೂಲೆಯಲ್ಲಿ ಅನ್ಸೆಲ್ಮೊ ಮಂಡಿಯೂರಿ, ತಪ್ಪಾಯಿತೆಂದು ಮನಸ್ಸಿನಲ್ಲೇ ಬೇಡಿಕೊಂಡು, ಸುರಿದ.

ಸುಲ್ಮಾ ಬಗ್ಗಿ ನೋಡಿದಳು.

"ತಾತ, ಭೂಮಿಗೆ ಹೊಟ್ಟೆ ನೋಯಲ್ವಾ?"

ಅವನು ಅವಳ ಕೈಯನ್ನು ತನ್ನ ಸುಟ್ಟ ಕೈಯೊಳಗೆ ತೆಗೆದುಕೊಂಡ. ಜುಲೈ ತಿಂಗಳ ಚಳಿಗಾಲದ ಹಿಮಕ್ಕೆ ಗಟ್ಟಿಯಾದ ನೆಲ ಹಾಲನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದು ಒಂದು ಚುಕ್ಕೆಯೂ ಇಲ್ಲದೆ, ಬೆಳ್ಳಗೆ, ಬಿಸಿಲಿನಲ್ಲಿ ಹೊಳೆಯುತ್ತ ನಿಂತೇ ಇತ್ತು.