ತಳಕ್ಕಂಟಿದ ಮಾತ್ರೆ

ನಾದಿನಿಯ ಕಾಟ ಮನೆಯಲ್ಲಿ ಸಾಲದೆಂದು, ನನ್ನ ಹಣೆಬರಹ ನೋಡಿ, ಅವಳು ನನ್ನ ಲ್ಯಾಬಿಗೂ ಬಂದು ಕೂತಳು. ಅಲ್ಲಿ ಅತ್ತೆಯ ಕಣ್ಮಣಿ, ಇಲ್ಲಿ ಬಾಸಿನ ಕಣ್ಮಣಿ. ಅವಳು ಸೀನಿದರೂ ಇಬ್ಬರಿಗೂ ಸಂಗೀತ ಕೇಳಿಸುತ್ತದೆ.

ಈ ಸಲ ನಮ್ಮಿಬ್ಬರಿಗೂ ಒಂದೇ ಕೆಲಸ: ಒಮ್ಮೆ ನುಂಗಿದರೆ ಹನ್ನೆರಡು ಗಂಟೆ ನಿಧಾನವಾಗಿ ಔಷಧ ಬಿಡುವ ನೋವಿನ ಮಾತ್ರೆ. ಔಷಧದ ಜೊತೆ ಪಾಲಿಮರ್ ಪುಡಿ ಬೆರೆಸಿ ಒತ್ತಬೇಕು. ಅದು ನೀರು ಕುಡಿದು ಮಾತ್ರೆಯ ಸುತ್ತ ಲೋಳೆ ಕಟ್ಟುತ್ತದೆ. ಔಷಧ ಆ ಲೋಳೆ ದಾಟಿ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಯಾರ ಮಾತ್ರೆ ಗೆಲ್ಲುತ್ತದೋ ಅವರಿಗೆ ದೊಡ್ಡ ಬ್ಯಾಚಿನ ಮುಖ್ಯಸ್ಥೆಯ ಪಟ್ಟ. ಆ ಪಟ್ಟಕ್ಕಾಗಿ ನಾನು ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡು ದುಡಿದಿದ್ದೆ.

ಟೆಸ್ಟಿನ ದಿನ ಬೆಳಿಗ್ಗೆ ಇಬ್ಬರ ಮಾತ್ರೆಗಳನ್ನೂ ಬೆಚ್ಚಗಿನ ನೀರಿದ್ದ ಗಾಜಿನ ಜಾರುಗಳಿಗೆ ಬಿಟ್ಟೆವು. ನನ್ನ ಮಾತ್ರೆ ಮಧ್ಯಾಹ್ನದೊಳಗೇ ಕೈಕೊಟ್ಟಿತು. ಲೋಳೆ ಕಟ್ಟುವ ಮೊದಲೇ ಬಿರಿದು ಇದ್ದಬದ್ದ ಔಷಧವನ್ನೆಲ್ಲ ಕಕ್ಕಿತು. ಅವಳದ್ದು ಸಂಜೆಯವರೆಗೂ ಗಟ್ಟಿಯಾಗಿ ಕೂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆಮೇಲೆ ಜಾರುಗಳನ್ನು ತೊಳೆಯಲು ಎತ್ತಿದಾಗ ಕಂಡಿತು. ಅವಳ ಮಾತ್ರೆಗಳೆಲ್ಲ ತಳಕ್ಕೆ ಗೋಂದು ಹಾಕಿದ ಹಾಗೆ ಅಂಟಿದ್ದವು! ಒಂದು ಮೈ ಗಾಜಿಗೆ ಕಚ್ಚಿಕೊಂಡರೆ ಆ ಕಡೆಯಿಂದ ಔಷಧ ಹೊರಬರುವುದಾದರೂ ಹೇಗೆ? ನಿಧಾನವಾಗದೆ ಇನ್ನೇನಾದೀತು! ಅಬ್ಬಾ, ಆ ಖುಷಿ. ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಮೀಟಿಂಗಿನಲ್ಲಿ, ಎಲ್ಲರ ಮುಂದೆ ಹೇಳಿದೆ.

"ಸರ್, ಇದು ಮಾತ್ರೆಯ ಜಾಣತನ ಅಲ್ಲ, ಜಾರಿನ ಕೃಪೆ. ಮಾತ್ರೆಗೆ ತಂತಿ ಸುತ್ತಿ ಮತ್ತೆ ಟೆಸ್ಟ್ ಮಾಡೋಣ. ಆಗ ತಳಕ್ಕೆ ಅಂಟಲ್ಲ, ಬಂಡವಾಳ ಬಯಲಾಗುತ್ತೆ."

ನಾದಿನಿಯ ಮುಖ ಬಿಳಿಚಿಕೊಂಡಿತು. "ಅತ್ತಿಗೆ, ನಂಗೆ ಹೊಳೀಲೇ ಇಲ್ಲ," ಅಂದಳು.

"ಹಾಗಾದ್ರೆ ನೀವೇ ಮಾಡಿ ನೋಡಿ," ಅಂದರು ಬಾಸ್ ನನಗೆ.

ಅದರ ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೇ ಹೋಗಿ ಶುರುಮಾಡಿದೆ. ಒಂದೊಂದು ಮಾತ್ರೆಗೂ ತಂತಿ ಸುತ್ತಿ ಬೆಚ್ಚಗಿನ ನೀರಿಗೆ ಬಿಟ್ಟು, ಊಟಕ್ಕೂ ಏಳದೆ ಕಾದೆ. ಬಿರಿ, ಹಾಳಾದ್ದೇ, ಬಿರಿ! ಬಿರಿಯಲಿಲ್ಲ. ಅವಳು ಪಾಲಿಮರನ್ನು ನನಗಿಂತ ನುಣ್ಣಗೆ ಜರಡಿ ಹಿಡಿದಿದ್ದಳು; ಲೋಳೆ ಬೇಗನೆ ಕಟ್ಟಿ ಸುತ್ತಲೂ ಸಮನಾಗಿ ಉಬ್ಬಿತು. ಮೊದಲಿಗಿಂತ ತುಸು ಬೇಗ ಔಷಧ ಬಿಟ್ಟಿತು ನಿಜ, ಆದರೂ ಹನ್ನೆರಡು ಗಂಟೆ ದಾಟಿಸಿತು. ಅಷ್ಟು ಚೆಂದದ ಮಾತ್ರೆಯನ್ನು ಈ ಜನ್ಮದಲ್ಲಿ ನಾನು ಮಾಡಿಲ್ಲ. ಇದು ನನ್ನದಾಗಬಾರದಿತ್ತೇ ಎಂದು ಕಣ್ಣಲ್ಲಿ ನೀರು ಬಂತು.

ಬಾಸ್ ನನ್ನ ಕೈಕುಲುಕಿದರು. "ಇನ್ಮೇಲೆ ಈ ಮಾತ್ರೆ ಮೇಲೆ ಯಾರೂ ಬೆರಳು ತೋರಿಸೋ ಹಾಗಿಲ್ಲ. ದೊಡ್ಡ ಬ್ಯಾಚ್ ಅವಳು ನೋಡ್ಕೊಳ್ಳಲಿ, ಅವಳ ಕೈಕೆಳಗೆ ಟೆಸ್ಟಿಂಗ್ ನೀವು."

"ಟೆಸ್ಟಿಂಗಿಗೆ ನಿಮ್ಮನ್ನೇ ಕೊಡಿ ಅಂತ ಸರ್ ಹತ್ರ ನಾನೇ ಕೇಳಿದ್ದು ಅತ್ತಿಗೆ," ಎಂದು ನಾದಿನಿ ನನ್ನ ತೋಳು ಹಿಡಿದಳು. "ಬೇರೆಯವರಾಗಿದ್ರೆ ಬಾಯಿ ಮುಚ್ಕೊಂಡಿದ್ದು, ಬ್ಯಾಚ್ ಕೆಟ್ಟ ಮೇಲೆ ನನ್ನ ಮಾನ ಕಳೀತಿದ್ರು. ನೀವು ಹಾಗಲ್ಲ."

ಅವಳು ಮನಸಾರೆ ಹಾಗೇ ನಂಬಿದ್ದಳು. ಅಷ್ಟು ಒಳ್ಳೆಯ ಮನಸ್ಸೂ ಅವಳಿಗೇ ಇರಬೇಕೇ?